ಚಿನ್ನವೇಕೆ ಮೆದುವಾಗುತ್ತದೆ? – ಹಳೆಯ ಪ್ರಶ್ನೆಯೊಂದಕ್ಕೆ ತಡವಾದ ಉತ್ತರ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯ ಮಿತ್ರರು ಕೇಳಿದಾಗ, ಹಳೆಯ ನೆನಪುಗಳನ್ನು ಬರೆಯುವವರು ಬಹಳ ಮಂದಿ ಇದ್ದಾರೆ, ವಿಜ್ಞಾನದ ಅಧ್ಯಾಪಕನಾಗಿದ್ದ ನಾನು ವಿಜ್ಞಾನದ ವಿಷಯವನ್ನೇ ಬರೆಯುವುದು ಲೇಸು ಎಂದು ಹೇಳಿದೆ. ಆದರೆ ಬರೆಯಲು ಕುಳಿತಾಗ, ನಾನು ಆರಿಸಿಕೊಂಡ ವಿಷಯವೂ ಒಂದು ನೆನಪಿನಿಂದಲೇ ಹೊರಟಿದೆ ಎಂಬುದು ಅರಿವಿಗೆ ಬಂತು. ಅದು ಒಬ್ಬ ವಿದ್ಯಾರ್ಥಿ ಕೇಳಿದ, ನಾನು ಉತ್ತರಿಸದೆ ಬಿಟ್ಟ ಪ್ರಶ್ನೆ.

ಆಗ ಶಾಲೆ ಆರಂಭವಾಗಿ ಏಳೆಂಟು ವರ್ಷಗಳಾಗಿದ್ದವು. ಹತ್ತನೆಯ ತರಗತಿಯಲ್ಲಿ ಘನವಸ್ತುಗಳ ಪಾಠ ನಡೆದಿತ್ತು. ಕರಿಹಲಗೆಯ ಮೇಲೆ ಅಡುಗೆ ಉಪ್ಪಿನ ಸ್ಫಟಿಕದ ಚಿತ್ರವನ್ನು ಬರೆದು, ಸೋಡಿಯಂ ಒಂದು, ಕ್ಲೋರಿನ್ ಒಂದು ಎಂದು ಸಾಲುಸಾಲಾಗಿ ಚುಕ್ಕೆಗಳನ್ನಿಟ್ಟು, "ಸ್ಫಟಿಕದಲ್ಲಿ ಕಣಗಳು ಒಂದಿನಿತೂ ತಪ್ಪಿಲ್ಲದೆ ಜೋಡಣೆಗೊಂಡಿರುತ್ತವೆ, ನಿಮ್ಮ ಬೆಳಗಿನ ಅಸೆಂಬ್ಲಿಯ ಸಾಲಿನಂತಲ್ಲ" ಎಂದೆ. ತರಗತಿ ನಕ್ಕಿತು. ಹಿಂದಿನ ಬೆಂಚಿನ ಒಬ್ಬ ಹುಡುಗ ಮಾತ್ರ ಎದ್ದು ನಿಂತ. ಅವನ ತಂದೆ ಅಕ್ಕಸಾಲಿಗರು. "ಸರ್, ಚಿನ್ನವೂ ಸ್ಫಟಿಕವೇ?" ಎಂದು ಕೇಳಿದ. ಹೌದೆಂದೆ. "ಹಾಗಾದರೆ ಅಪ್ಪ ಚಿನ್ನವನ್ನು ಬಡಿಯುತ್ತಾ ಹೋದ ಹಾಗೆ ಅದು ಗಟ್ಟಿಯಾಗುವುದೇಕೆ? ಕೆಂಪಗೆ ಕಾಯಿಸಿದರೆ ಮತ್ತೆ ಮೆದುವಾಗುವುದೇಕೆ? ಎಲ್ಲ ಪರಮಾಣುಗಳೂ ಸರಿಯಾಗಿಯೇ ಇದ್ದರೆ ಬಡಿದಾಗ ಬದಲಾಗುವುದೇನು?"

ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳುವ ಧೈರ್ಯವೂ ಇರಲಿಲ್ಲ. "ಇದು ಪರೀಕ್ಷೆಗೆ ಬರುವುದಿಲ್ಲ, ಕುಳಿತುಕೋ" ಎಂದೆ. ಅವನು ಕುಳಿತ. ಆ ವರ್ಷ ಅವನು ಮತ್ತೊಂದು ಪ್ರಶ್ನೆಯನ್ನು ಕೇಳಿದ್ದು ನನಗೆ ನೆನಪಿಲ್ಲ.

ಕೆಲವು ವರ್ಷಗಳ ಬಳಿಕ ಬೇಸಗೆ ರಜೆಯ ಅಧ್ಯಾಪಕರ ತರಬೇತಿಯೊಂದಕ್ಕೆ ಹೋಗಿದ್ದಾಗ ಅಲ್ಲಿನ ಗ್ರಂಥಾಲಯದಲ್ಲಿ ಘನಸ್ಥಿತಿ ಭೌತವಿಜ್ಞಾನದ ಪುಸ್ತಕವೊಂದು ಕೈಗೆ ಸಿಕ್ಕಿತು. ಅದನ್ನು ಓದುತ್ತಾ ಎರಡು ಸಂಗತಿಗಳು ತಿಳಿದವು. ಹುಡುಗನ ಪ್ರಶ್ನೆಗೆ ಉತ್ತರವಿದೆ ಎಂಬುದು ಒಂದು. ನಾನು ಕರಿಹಲಗೆಯ ಮುಂದೆ ನಿಂತು ಅಷ್ಟು ನಿಶ್ಚಯವಾಗಿ ಹೇಳಿದ ಮಾತೇ ತಪ್ಪು ಎಂಬುದು ಇನ್ನೊಂದು. ಒಂದಿನಿತೂ ತಪ್ಪಿಲ್ಲದ ಸ್ಫಟಿಕ ಈ ಲೋಕದಲ್ಲಿ ಎಲ್ಲಿಯೂ ಇಲ್ಲ. ಇರುವುದಕ್ಕೆ ಉಷ್ಣಗತಿವಿಜ್ಞಾನದ ನಿಯಮಗಳು ಬಿಡುವುದಿಲ್ಲ. ಸುವರ್ಣ ಮಹೋತ್ಸವದ ಸಂಚಿಕೆಯಾದುದರಿಂದ ಸುವರ್ಣವನ್ನೇ ಉದಾಹರಣೆಯಾಗಿಟ್ಟುಕೊಂಡು ಆ ಮಾತನ್ನು ಇಲ್ಲಿ ವಿವರಿಸುತ್ತೇನೆ.

ಅಡಿಕೆ ತೋಟದ ಸಾಲು

ನಮ್ಮ ಕಡೆಯ ಅಡಿಕೆ ತೋಟವನ್ನು ನೆನಪಿಗೆ ತಂದುಕೊಳ್ಳಿ. ಹಗ್ಗ ಹಿಡಿದು, ಒಂಬತ್ತು ಅಡಿಗೆ ಒಂದರಂತೆ ಗುಂಡಿ ತೋಡಿ, ಸಸಿ ನೆಟ್ಟ ತೋಟ. ಯಾವ ದಿಕ್ಕಿನಿಂದ ನೋಡಿದರೂ ಸಾಲು. ಸ್ಫಟಿಕವೆಂದರೆ ಇಂತಹ ತೋಟವೇ. ಆದರೆ ನೆಲದ ಮೇಲೆ ಮಾತ್ರವಲ್ಲದೆ ಮೇಲಕ್ಕೂ ಕೆಳಕ್ಕೂ ಹಬ್ಬಿದ ತೋಟ. ಚಿನ್ನದಲ್ಲಿ ಒಂದು ಪರಮಾಣುವಿನ ಸುತ್ತ ಸಮಾನ ದೂರದಲ್ಲಿ ಹನ್ನೆರಡು ನೆರೆಯ ಪರಮಾಣುಗಳಿವೆ. ಒಂದು ಸೆಂಟಿಮೀಟರ್ ಉದ್ದದ ಸಾಲಿನಲ್ಲಿ ಸುಮಾರು ಮೂರೂವರೆ ಕೋಟಿ ಪರಮಾಣುಗಳು ಹಿಡಿಯುತ್ತವೆ. ಒಂದು ಪವನ್, ಎಂದರೆ 8 ಗ್ರಾಂ ಚಿನ್ನದಲ್ಲಿರುವ ಪರಮಾಣುಗಳ ಸಂಖ್ಯೆಯನ್ನು ಬರೆಯಬೇಕಾದರೆ 24ರ ಮುಂದೆ 21 ಸೊನ್ನೆಗಳನ್ನು ಹಾಕಬೇಕು.

ಎಷ್ಟು ಜಾಗ್ರತೆಯಿಂದ ನೆಟ್ಟ ತೋಟದಲ್ಲಾದರೂ ಕೆಲವು ವ್ಯತ್ಯಾಸಗಳು ಇದ್ದೇ ಇರುತ್ತವೆ. ಎಲ್ಲೋ ಒಂದು ಮರ ಸತ್ತು ಗುಂಡಿ ತೆರವಾಗಿರುತ್ತದೆ. ಎರಡು ಸಾಲುಗಳ ನಡುವೆ ಬಿದ್ದ ಅಡಿಕೆಯೊಂದು ತಾನಾಗಿ ಮೊಳೆತು ಗಿಡವಾಗಿರುತ್ತದೆ. ಅಡಿಕೆಯ ಸ್ಥಾನದಲ್ಲಿ ಒಂದು ತೆಂಗು ನಿಂತಿರುತ್ತದೆ. ಸ್ಫಟಿಕದಲ್ಲಿಯೂ ಇವೇ ಮೂರು ಬಗೆಯ ಬಿಂದು ದೋಷಗಳು. ಪರಮಾಣು ಇರಬೇಕಾದಲ್ಲಿ ಇಲ್ಲದಿರುವುದಕ್ಕೆ ರಿಕ್ತಸ್ಥಾನ ಎನ್ನುತ್ತಾರೆ. ನಾನು ಸರಳವಾಗಿ ತೆರವು ಎನ್ನುತ್ತೇನೆ. ಸಾಲುಗಳ ನಡುವೆ ಸಿಕ್ಕಿಕೊಂಡ ಪರಮಾಣು ಎರಡನೆಯದು. ಬೇರೆ ಜಾತಿಯ ಪರಮಾಣು ಬಂದು ಕುಳಿತಿರುವುದು ಮೂರನೆಯದು. 22 ಕ್ಯಾರೆಟ್ ಚಿನ್ನದಲ್ಲಿರುವ ತಾಮ್ರ, ಬೆಳ್ಳಿಗಳು ಈ ಮೂರನೆಯ ಬಗೆಯವು. ಕೆಂಪು ಮಾಣಿಕ್ಯಕ್ಕೆ ಬಣ್ಣ ಬಂದುದು ಅಲ್ಯೂಮಿನಿಯಂ ಆಕ್ಸೈಡಿನ ಸ್ಫಟಿಕದಲ್ಲಿ ಅಲ್ಲಲ್ಲಿ ಅಲ್ಯೂಮಿನಿಯಂ ಬದಲಿಗೆ ಕುಳಿತ ಕ್ರೋಮಿಯಂನಿಂದ.

ಈ ದೋಷಗಳ ವಿಚಾರವನ್ನು ಮೊದಲು ಎತ್ತಿದವರಲ್ಲಿ ರಷ್ಯದ ಯಾಕೊವ್ ಫ್ರೆಂಕೆಲ್ ಮುಖ್ಯರು. ಉಷ್ಣದಿಂದ ಸದಾ ಕಂಪಿಸುತ್ತಿರುವ ಕಣಗಳಲ್ಲಿ ಕೆಲವು ತಮ್ಮ ಸ್ಥಾನವನ್ನು ಬಿಟ್ಟು ಸಾಲುಗಳ ಸಂದಿಗೆ ಜಾರಬಲ್ಲವು ಎಂದು ಅವರು 1926ರಲ್ಲಿ ಸೂಚಿಸಿದರು. 1930ರಲ್ಲಿ ಜರ್ಮನಿಯ ಕಾರ್ಲ್ ವ್ಯಾಗ್ನರ್ ಮತ್ತು ವಾಲ್ಟರ್ ಶಾಟ್ಕಿ ದೋಷಗಳ ಸಂಖ್ಯೆಯನ್ನು ಉಷ್ಣಗತಿವಿಜ್ಞಾನದಿಂದ ಲೆಕ್ಕ ಹಾಕುವ ದಾರಿಯನ್ನು ತೋರಿದರು. ಇದು ಕೇವಲ ಪಂಡಿತರ ಕುತೂಹಲವಾಗಿರಲಿಲ್ಲ. ಹಳೆಯ ಕಪ್ಪು ಬಿಳುಪು ಗ್ರೂಪ್ ಫೋಟೋಗಳನ್ನು ತೆಗೆದ ಫಿಲ್ಮಿನಲ್ಲಿ ಬೆಳ್ಳಿಯ ಬ್ರೋಮೈಡಿನ ಸಣ್ಣ ಹರಳುಗಳಿದ್ದವು. ಸಾಲು ಬಿಟ್ಟು ಸಂದಿಯಲ್ಲಿ ಸಂಚರಿಸುವ ಬೆಳ್ಳಿಯ ಅಯಾನುಗಳು ಬೆಳಕು ಬಿದ್ದಲ್ಲಿ ಒಂದುಗೂಡಿದುದರಿಂದಲೇ ಆ ಚಿತ್ರಗಳು ಮೂಡಿದವು.

ತಪ್ಪು ಅನಿವಾರ್ಯವಾಗುವುದು ಏಕೆ?

ತೋಟದಲ್ಲಿ ಮರ ಸತ್ತರೆ ಮರುವರ್ಷ ಬೇರೆ ಸಸಿ ನೆಡಬಹುದು. ಬೇಕಾದಷ್ಟು ಶ್ರಮಪಟ್ಟರೆ ತೋಟವನ್ನು ಪೂರ್ಣವಾಗಿಸಬಹುದು. ಸ್ಫಟಿಕವನ್ನೂ ಹಾಗೆಯೇ ಪೂರ್ಣವಾಗಿಸಬಾರದೇಕೆ? ಇಲ್ಲಿಯೇ ವಿಷಯದ ತಿರುಳಿರುವುದು.

ಒಂದು ತೆರವನ್ನು ಉಂಟುಮಾಡಬೇಕಾದರೆ ಒಂದು ಪರಮಾಣುವನ್ನು ಅದರ ನೆರೆಯವರಿಂದ ಬಿಡಿಸಿ ಸ್ಫಟಿಕದ ಮೇಲ್ಮೈಗೆ ತಂದು ಕೂರಿಸಬೇಕು. ಇದಕ್ಕೆ ಶಕ್ತಿ ಖರ್ಚಾಗುತ್ತದೆ. ಶಕ್ತಿಯೊಂದನ್ನೇ ನೋಡುವುದಾದರೆ ತೆರವು ನಷ್ಟದ ವ್ಯವಹಾರ. ನಾನು ತರಗತಿಯಲ್ಲಿ ಹೇಳಿದ ಮಾತಿನ ಹಿಂದೆ ಇದ್ದುದು ಈ ಒಂದು ಕಣ್ಣಿನ ನೋಟ. ಆದರೆ ಪ್ರಕೃತಿ ಲೆಕ್ಕ ಹಾಕುವುದು ಶಕ್ತಿಯೊಂದನ್ನೇ ಅಲ್ಲ. ಒಂದು ಸ್ಥಿತಿಯು ಎಷ್ಟು ವಿಧಗಳಲ್ಲಿ ಸಂಭವಿಸಬಹುದು ಎಂಬ ಎಣಿಕೆಯೂ ಆ ಲೆಕ್ಕದಲ್ಲಿ ಸೇರಿದೆ.

ನೂರು ಗುಂಡಿಗಳ ಒಂದು ಚಿಕ್ಕ ತೋಟವಿದೆ ಎಂದುಕೊಳ್ಳೋಣ. ಎಲ್ಲ ಗುಂಡಿಗಳೂ ತುಂಬಿರಬೇಕಾದರೆ ಅದಕ್ಕೆ ಇರುವುದು ಒಂದೇ ವಿಧ. ಒಂದು ಗುಂಡಿ ತೆರವಾಗಿರಬೇಕಾದರೆ, ಆ ಒಂದು ನೂರರಲ್ಲಿ ಯಾವುದಾದರೂ ಆಗಬಹುದು. ಆದುದರಿಂದ 100 ವಿಧ. ಎರಡು ತೆರವಾದರೆ 4,950 ವಿಧ. ಮೂರಾದರೆ 1,61,700 ವಿಧ. ಐದಕ್ಕೆ ಏಳೂವರೆ ಕೋಟಿಗೂ ಹೆಚ್ಚು. ಪೂರ್ಣತೆಗೆ ಇರುವ ದಾರಿ ಒಂದೇ. ಅಪೂರ್ಣತೆಗೆ ಇರುವ ದಾರಿಗಳು ಅಸಂಖ್ಯ. ಚಿನ್ನದ ತುಣುಕಿನಲ್ಲಿ ಗುಂಡಿಗಳು ನೂರಲ್ಲ, ಎಣಿಕೆಗೆ ಮೀರಿದಷ್ಟು. ಅಲ್ಲಿ ಈ ವಿಧಗಳ ಸಂಖ್ಯೆ ಎಷ್ಟಾದೀತೆಂದು ಊಹಿಸಿ.

ವಿಧಗಳ ಈ ಸಂಖ್ಯೆಯ ಲಾಗರಿತಮ್ಮನ್ನು ಒಂದು ಸ್ಥಿರಾಂಕದಿಂದ ಗುಣಿಸಿದರೆ ಬರುವುದೇ ಎಂಟ್ರೊಪಿ. ಈ ಸಂಬಂಧವನ್ನು ಕಂಡವರು ಆಸ್ಟ್ರಿಯದ ಲುಡ್ವಿಗ್ ಬೋಲ್ಟ್ಸ್‌ಮನ್ (1844–1906). ವಿಯೆನ್ನಾದಲ್ಲಿರುವ ಅವರ ಸಮಾಧಿಯ ಮೇಲೆ ಆ ಸೂತ್ರವನ್ನೇ ಕೆತ್ತಿದ್ದಾರೆ. ಸ್ಥಿರ ಉಷ್ಣತೆಯಲ್ಲಿರುವ ವಸ್ತುವು ಕಡಿಮೆ ಮಾಡಿಕೊಳ್ಳಲು ಯತ್ನಿಸುವುದು ಬರಿಯ ಶಕ್ತಿಯನ್ನಲ್ಲ, ಮುಕ್ತಶಕ್ತಿಯನ್ನು:

ಮುಕ್ತಶಕ್ತಿ = ಶಕ್ತಿ – (ಉಷ್ಣತೆ × ಎಂಟ್ರೊಪಿ)

ಈ ಸಮೀಕರಣವನ್ನು ತಕ್ಕಡಿಯೆಂದು ಭಾವಿಸಬಹುದು. ತೆರವೊಂದು ಹುಟ್ಟಿದಾಗ ಶಕ್ತಿಯ ತಟ್ಟೆಯಲ್ಲಿ ನಷ್ಟ, ಎಂಟ್ರೊಪಿಯ ತಟ್ಟೆಯಲ್ಲಿ ಲಾಭ. ಇನ್ನೂ ಒಂದು ಸೂಕ್ಷ್ಮವಿದೆ. ಪ್ರತಿಯೊಂದು ತೆರವಿಗೂ ಆಗುವ ಶಕ್ತಿಯ ಖರ್ಚು ಹೆಚ್ಚುಕಡಿಮೆ ಒಂದೇ. ಆದರೆ ಎಂಟ್ರೊಪಿಯ ಲಾಭ ಒಂದೇ ಅಲ್ಲ. ಮೊದಲನೆಯ ತೆರವಿಗೆ ಅದು ಅತಿ ಹೆಚ್ಚು, ಮುಂದಿನವುಗಳಿಗೆ ಕ್ರಮೇಣ ಕಡಿಮೆ. ನಮ್ಮ ನೂರು ಗುಂಡಿಗಳ ತೋಟವನ್ನೇ ನೋಡಿ: ಮೊದಲ ತೆರವು ವಿಧಗಳನ್ನು ನೂರು ಪಟ್ಟು ಹೆಚ್ಚಿಸಿತು, ಎರಡನೆಯದು ಸುಮಾರು ಐವತ್ತು ಪಟ್ಟು, ಮೂರನೆಯದು ಮೂವತ್ತಮೂರು ಪಟ್ಟಿಗಿಂತ ತುಸು ಕಡಿಮೆ. ಆದುದರಿಂದ ಬೃಹತ್ ಸಂಖ್ಯೆಯ ಸ್ಥಾನಗಳಿರುವ ಸ್ಫಟಿಕದಲ್ಲಿ ಮೊದಮೊದಲ ತೆರವುಗಳು ಯಾವಾಗಲೂ ಲಾಭದವು. ತೆರವುಗಳು ಹೆಚ್ಚುತ್ತಾ ಹೋಗಿ, ಇನ್ನೊಂದು ತೆರವಿನ ಲಾಭವೂ ನಷ್ಟವೂ ಸಮವಾಗುವ ಒಂದು ಹಂತ ಬರುತ್ತದೆ. ತಕ್ಕಡಿ ನಿಲ್ಲುವುದು ಅಲ್ಲಿ. ಅದೇ ಆ ಉಷ್ಣತೆಗೆ ಸಲ್ಲಬೇಕಾದ ತೆರವುಗಳ ಸಂಖ್ಯೆ.

ಇದರ ಅರ್ಥವನ್ನು ಒಮ್ಮೆ ನಿಂತು ಯೋಚಿಸಬೇಕು. ಆ ಸಂಖ್ಯೆಗಿಂತ ಹೆಚ್ಚು ತೆರವುಗಳಿದ್ದರೆ ಸ್ಫಟಿಕ ಸಮಸ್ಥಿತಿಯಲ್ಲಿಲ್ಲ. ಕಡಿಮೆ ಇದ್ದರೂ ಸಮಸ್ಥಿತಿಯಲ್ಲಿಲ್ಲ. ಯಾರಾದರೂ ಒಂದೂ ತೆರವಿಲ್ಲದ ಚಿನ್ನವನ್ನು ತಯಾರಿಸಿದರೆಂದೇ ಇಟ್ಟುಕೊಳ್ಳೋಣ. ಅದನ್ನು ಬೆಚ್ಚಗಿಟ್ಟರೆ ಅದು ತಾನಾಗಿಯೇ ತೆರವುಗಳನ್ನು ಉಂಟುಮಾಡಿಕೊಳ್ಳುತ್ತದೆ. ಈ ದೋಷವು ಮಾಡುವವನ ಅಜಾಗ್ರತೆಯಿಂದ ಬಂದುದಲ್ಲ, ನಿಯಮದಿಂದ ಬಂದುದು. ಉಷ್ಣತೆಯು ಸೊನ್ನೆ ಕೆಲ್ವಿನ್, ಎಂದರೆ ಮೈನಸ್ 273.15 ಡಿಗ್ರಿ ಸೆಲ್ಸಿಯಸ್ ಆದಾಗ ಮಾತ್ರ ಸಮೀಕರಣದ ಎರಡನೆಯ ಪದ ಇಲ್ಲವಾಗಿ ಪೂರ್ಣತೆ ಗೆಲ್ಲುತ್ತದೆ. ಆ ನಿರಪೇಕ್ಷ ಶೂನ್ಯವನ್ನು ತಲಪುವುದು ಅಸಾಧ್ಯವೆಂಬುದೂ ಅದೇ ಉಷ್ಣಗತಿವಿಜ್ಞಾನದ ಇನ್ನೊಂದು ನಿಯಮ.

ಬೆರಕೆಗೂ ಇದೇ ತರ್ಕ ಸಲ್ಲುತ್ತದೆ. ಕೊನೆಕೊನೆಗೆ ಉಳಿದ ಒಂದೊಂದು ಅನ್ಯ ಪರಮಾಣುವನ್ನು ತೆಗೆದುಹಾಕುವುದು ಮೊದಲಿನದಕ್ಕಿಂತ ಕಷ್ಟ. ಶುದ್ಧೀಕರಿಸಿದ ಚಿನ್ನದ ಗಟ್ಟಿಯ ಮೇಲೆ 999.9 ಎಂದು ಮುದ್ರೆ ಇರುವುದನ್ನು ನೋಡಿದ್ದೀರಿ. ಅದಕ್ಕೆ ಇನ್ನೂ ಕೆಲವು ಒಂಬತ್ತುಗಳನ್ನು ಸೇರಿಸಬಹುದು. ಪೂರ್ತಿ 1000 ಮಾಡಲು ಬರುವುದಿಲ್ಲ.

ಒಂದು ಪವನ್ ಚಿನ್ನದಲ್ಲಿ ಎಷ್ಟು ತೆರವು?

ಈಗ ಲೆಕ್ಕಕ್ಕೆ ಬರೋಣ. ಚಿನ್ನದಲ್ಲಿ ಒಂದು ತೆರವನ್ನು ಉಂಟುಮಾಡಲು ಬೇಕಾಗುವ ಶಕ್ತಿ ಸುಮಾರು 0.94 ಎಲೆಕ್ಟ್ರಾನ್ ವೋಲ್ಟ್. ಒಂದು ಎಲೆಕ್ಟ್ರಾನು ಒಂದು ವೋಲ್ಟಿನ ಅಂತರವನ್ನು ದಾಟಿದಾಗ ಪಡೆಯುವ ಶಕ್ತಿಗೆ ಎಲೆಕ್ಟ್ರಾನ್ ವೋಲ್ಟ್ ಎಂದು ಹೆಸರು. ನಮ್ಮ ಕೋಣೆಯ ಉಷ್ಣತೆಯಲ್ಲಿ ಉಷ್ಣಚಲನೆಯು ಒದಗಿಸುವ ಶಕ್ತಿಯ ಸಾಮಾನ್ಯ ಅಳತೆ ಇದರ ಸುಮಾರು 36ರಲ್ಲಿ ಒಂದು ಪಾಲು ಮಾತ್ರ. ಚಿನ್ನ ಕರಗುವ 1064 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಎಂಟರಲ್ಲಿ ಒಂದು ಪಾಲಿನಷ್ಟಾಗುತ್ತದೆ. 36 ಮತ್ತು 8 ಎಂಬ ಈ ಸಂಖ್ಯೆಗಳ ನಡುವಿನ ಅಂತರ ದೊಡ್ಡದಲ್ಲವೆಂದು ಕಾಣಬಹುದು. ಆದರೆ ಇವು ಸೂತ್ರದಲ್ಲಿ ಘಾತದ ಸ್ಥಾನದಲ್ಲಿ ಬರುವುದರಿಂದ ಪರಿಣಾಮ ಬಹಳ ದೊಡ್ಡದು.

ಕೋಣೆಯ ಉಷ್ಣತೆಯಲ್ಲಿ, ನೂರು ಕೋಟಿ ಕೋಟಿ ಸ್ಥಾನಗಳಿಗೆ ಸುಮಾರು ನಾಲ್ಕು ತೆರವುಗಳು. ಇದು ಅತ್ಯಲ್ಪ. ಆದರೂ ಒಂದು ಪವನಿನ ಶುದ್ಧ ಚಿನ್ನದಲ್ಲಿ ಪರಮಾಣುಗಳೇ ಅಷ್ಟೊಂದಿರುವುದರಿಂದ ಒಟ್ಟು ತೆರವುಗಳು ಅಂದಾಜಿಗೆ ಒಂದು ಕೋಟಿಯಷ್ಟಾಗುತ್ತವೆ. ನಿಮ್ಮ ಕೈಬೆರಳಿನ ಉಂಗುರ ಎಷ್ಟೇ ನಿಶ್ಚಲವಾಗಿ ಕಂಡರೂ ನಿಯಮವು ಅದಕ್ಕೆ ವಿಧಿಸಿದ ತೆರವುಗಳು ಲಕ್ಷ, ಕೋಟಿಗಳ ಲೆಕ್ಕದಲ್ಲಿ ಅದರೊಳಗಿವೆ. 500 ಡಿಗ್ರಿಗೆ ಕಾಯಿಸಿದರೆ ಹತ್ತು ಲಕ್ಷ ಸ್ಥಾನಗಳಿಗೆ ಸುಮಾರು ಎರಡು. ಮಂದವಾಗಿ ಕೆಂಪೇರುವ 650 ಡಿಗ್ರಿಯಲ್ಲಿ ಲಕ್ಷಕ್ಕೆ ಸುಮಾರು ಎರಡು. ಕರಗುವ ಹೊತ್ತಿಗೆ ಹತ್ತು ಸಾವಿರಕ್ಕೆ ಏಳು. ತಣ್ಣಗಿದ್ದ ಚಿನ್ನವನ್ನು ಕೆಂಪಗೆ ಕಾಯಿಸುವಷ್ಟರಲ್ಲಿ ತೆರವುಗಳು ಸುಮಾರು ಐದು ಸಾವಿರ ಕೋಟಿ ಪಟ್ಟು ಹೆಚ್ಚಿದವೆಂದಾಯಿತು. ಈ ಸಂಖ್ಯೆಯನ್ನು ನೆನಪಿಡಿ; ಹುಡುಗನ ಪ್ರಶ್ನೆಗೆ ಉತ್ತರ ಹೇಳುವಾಗ ಬೇಕಾಗುತ್ತದೆ.

ಕಣ್ಣಿಗೆ ಕಾಣದ ತೆರವುಗಳನ್ನು ಎಣಿಸಿದ್ದು ಹೇಗೆಂದು ನೀವು ಕೇಳಬಹುದು. ಅಮೆರಿಕದ ಸಿಮನ್ಸ್ ಮತ್ತು ಬಲುಫಿ ಎಂಬ ಇಬ್ಬರು ಇದಕ್ಕೆ ಸುಂದರವಾದ ಉಪಾಯವನ್ನು ಬಳಸಿದರು. 1960ರಲ್ಲಿ ಅಲ್ಯೂಮಿನಿಯಂ, 1962ರಲ್ಲಿ ಚಿನ್ನದ ಮೇಲೆ ಅವರ ಫಲಿತಾಂಶಗಳು ಪ್ರಕಟವಾದವು. ಲೋಹದ ಸರಳನ್ನು ಕಾಯಿಸಿದಾಗ ಅದು ಉದ್ದವಾಗುತ್ತದೆ. ಇದಕ್ಕೆ ಎರಡು ಕಾರಣಗಳಿವೆ. ಪರಮಾಣುಗಳ ನಡುವಿನ ಅಂತರ ಹೆಚ್ಚುವುದು ಒಂದು. ಒಳಗಿನಿಂದ ಹೊರಬಂದ ಪರಮಾಣುಗಳು ಮೇಲ್ಮೈಯಲ್ಲಿ ಕುಳಿತು ಹೊಸ ಸ್ಥಾನಗಳನ್ನು ಉಂಟುಮಾಡುವುದು ಇನ್ನೊಂದು. ತೋಟದ ಭಾಷೆಯಲ್ಲಿ ಹೇಳುವುದಾದರೆ, ಮರಗಳ ನಡುವಿನ ಅಂತರ ಎಷ್ಟು ಹೆಚ್ಚಿತೆಂದು ಒಬ್ಬ ಅಳೆಯಲಿ. ಬೇಲಿಯಿಂದ ಬೇಲಿಗೆ ಇರುವ ಉದ್ದ ಎಷ್ಟು ಹೆಚ್ಚಿತೆಂದು ಇನ್ನೊಬ್ಬ ಅಳೆಯಲಿ. ಬೇಲಿಯ ಲೆಕ್ಕ ಹೆಚ್ಚಾಗಿ ಬಂದರೆ, ಒಳಗಿನ ಮರಗಳು ಎದ್ದು ಹೊರಗೆ ಹೋಗಿ ನಿಂತಿವೆ ಎಂದೇ ಅರ್ಥ. ಅವರು ಎಕ್ಸ್ ಕಿರಣಗಳಿಂದ ಮೊದಲನೆಯದನ್ನೂ ಸರಳಿನ ಉದ್ದದಿಂದ ಎರಡನೆಯದನ್ನೂ ಅಳೆದರು. ಕರಗುವ ಹಂತದ ಹತ್ತಿರ ಚಿನ್ನದಲ್ಲಿ ಈ ಎರಡು ಅಳತೆಗಳ ನಡುವೆ ಕಂಡ ವ್ಯತ್ಯಾಸ, ಒಂದು ಮೀಟರ್ ಉದ್ದದ ಸರಳಿಗೆ ಹೇಳುವುದಾದರೆ, ಕಾಲು ಮಿಲಿಮೀಟರಿಗಿಂತ ತುಸು ಕಡಿಮೆ. ಆ ಕೂದಲೆಳೆಯಂತಹ ವ್ಯತ್ಯಾಸದಿಂದ ಬಂದುದೇ ಹತ್ತು ಸಾವಿರಕ್ಕೆ ಏಳು ಎಂಬ ಸಂಖ್ಯೆ.

ಬಡಿದಾಗ ಆಗುವುದೇನು?

ಇನ್ನು ಅಕ್ಕಸಾಲಿಗರ ಸುತ್ತಿಗೆಗೆ ಬರೋಣ. ಇಲ್ಲಿ ಬೇರೊಂದು ದೋಷದ ಪರಿಚಯವಾಗಬೇಕು. ತೋಟದ ಒಂದು ಅಂಚಿನಲ್ಲಿ ಇಪ್ಪತ್ತು ಸಾಲುಗಳಿವೆ, ಎದುರಿನ ಅಂಚಿನಲ್ಲಿ ಹತ್ತೊಂಬತ್ತೇ ಇವೆ ಎಂದುಕೊಳ್ಳಿ. ಎಂದರೆ ಒಂದು ಸಾಲು ನಡುತೋಟದಲ್ಲಿಯೇ ನಿಂತುಹೋಗಿದೆ. ಸ್ಫಟಿಕದಲ್ಲಿ ಹೀಗೆ ಅರ್ಧಕ್ಕೆ ನಿಂತ ಪರಮಾಣುಗಳ ಹಾಳೆಯ ಅಂಚಿಗೆ ಸ್ಥಾನಪಲ್ಲಟ ಎನ್ನಬಹುದು. ಇದು ಒಂದು ಬಿಂದುವಲ್ಲ, ಉದ್ದಕ್ಕೆ ಸಾಗುವ ರೇಖೆ.

ಪೂರ್ಣವಾದ ಸ್ಫಟಿಕದ ಒಂದು ಪದರವನ್ನು ಇನ್ನೊಂದರ ಮೇಲೆ ಜಾರಿಸಬೇಕಾದರೆ ಬೇಕಾಗುವ ಬಲವನ್ನು ಲೆಕ್ಕಹಾಕಿದಾಗ, ಅದು ನಿಜವಾದ ಮೆದು ಲೋಹಕ್ಕೆ ಸಾಕಾಗುವ ಬಲಕ್ಕಿಂತ ಸಾವಿರಾರು ಪಟ್ಟು ಹೆಚ್ಚಾಗಿ ಬರುತ್ತಿತ್ತು. ಈ ಒಗಟನ್ನು 1934ರಲ್ಲಿ ಜಿ. ಐ. ಟೇಲರ್, ಎಗಾನ್ ಒರೊವಾನ್, ಮೈಕೇಲ್ ಪೊಲಾನಿ ಎಂಬ ಮೂವರು ಪ್ರತ್ಯೇಕವಾಗಿ ಬಿಡಿಸಿದರು. ವಾರ್ಷಿಕೋತ್ಸವಕ್ಕೆ ಹಾಸಿದ ಉದ್ದನೆಯ ಜಮಖಾನೆಯನ್ನು ಒಂದು ಗೇಣು ಮುಂದಕ್ಕೆ ಸರಿಸಬೇಕಾದಾಗ ನಾವೇನು ಮಾಡುತ್ತಿದ್ದೆವು? ಪೂರ್ತಿ ಎಳೆದರೆ ಅಲುಗದು. ಒಂದು ತುದಿಯಲ್ಲಿ ಮಡಿಕೆಯೆಬ್ಬಿಸಿ ಆ ಮಡಿಕೆಯನ್ನು ಕಾಲಿನಿಂದ ಇನ್ನೊಂದು ತುದಿಯವರೆಗೆ ತಳ್ಳುತ್ತಾ ಹೋದರೆ ಇಡೀ ಜಮಖಾನೆ ಸುಲಭವಾಗಿ ಸರಿಯುತ್ತದೆ. ಸ್ಥಾನಪಲ್ಲಟವು ಆ ಮಡಿಕೆ. ಚಿನ್ನ ಬಾಗುವುದೂ ಹಾಳೆಯಾಗಿ ಹಬ್ಬುವುದೂ ಈ ಮಡಿಕೆಗಳ ಸಂಚಾರದಿಂದ. 1956ರಲ್ಲಿ ಕೇಂಬ್ರಿಜ್ಜಿನ ವಿಜ್ಞಾನಿಗಳು ಅಲ್ಯೂಮಿನಿಯಂ ಹಾಳೆಯೊಳಗೆ ಇವು ಸಂಚರಿಸುವುದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ಕಂಡರು.

ಬಡಿಯುತ್ತಾ ಹೋದ ಹಾಗೆ ಸ್ಥಾನಪಲ್ಲಟಗಳು ವೃದ್ಧಿಸುತ್ತವೆ. ಚೆನ್ನಾಗಿ ಹದಗೊಳಿಸಿದ ಲೋಹವೊಂದರಲ್ಲಿ ಒಂದು ಚದರ ಸೆಂಟಿಮೀಟರನ್ನು ದಾಟುವ ಇಂತಹ ರೇಖೆಗಳು ಹತ್ತು ಲಕ್ಷದಿಂದ ಹತ್ತು ಕೋಟಿ ಇರಬಹುದು. ಬಡಿದು ಬಡಿದು ಗಟ್ಟಿಯಾದ ಲೋಹದಲ್ಲಿ ಹತ್ತು ಸಾವಿರ ಕೋಟಿಯಿಂದ ಲಕ್ಷ ಕೋಟಿ. ಅಷ್ಟು ರೇಖೆಗಳು ಒಂದಕ್ಕೊಂದು ಸಿಕ್ಕಿಕೊಂಡು, ತೊಡಕಾದ ನೂಲಿನ ಉಂಡೆಯಂತೆ ಯಾವುದೂ ಮುಂದೆ ಸಾಗಲಾರದೆ ನಿಲ್ಲುತ್ತವೆ. ಮಡಿಕೆ ಸರಿಯದಿದ್ದರೆ ಜಮಖಾನೆಯೂ ಸರಿಯದು. ಲೋಹ ಗಟ್ಟಿಯಾಗುವುದು ಹೀಗೆ.

ತೆರವಿಗೂ ಸ್ಥಾನಪಲ್ಲಟಕ್ಕೂ ಇರುವ ಮುಖ್ಯ ಭೇದವನ್ನು ಇಲ್ಲಿ ಹೇಳಬೇಕು. ಸ್ಥಾನಪಲ್ಲಟದ ರೇಖೆಗೆ ಪ್ರತಿಯೊಂದು ಪರಮಾಣುವಿನ ಉದ್ದಕ್ಕೂ ಕೆಲವು ಎಲೆಕ್ಟ್ರಾನ್ ವೋಲ್ಟುಗಳಷ್ಟು ಶಕ್ತಿ ಬೇಕು. ಒಂದು ಮಿಲಿಮೀಟರ್ ಉದ್ದದ ರೇಖೆಯಲ್ಲಿ ಸುಮಾರು 35 ಲಕ್ಷ ಪರಮಾಣುಗಳು. ಆದರೆ ಅವು ಬಿಡಿಬಿಡಿಯಾಗಿ ಎಲ್ಲೆಂದರಲ್ಲಿ ಇರಲಾರವು, ಒಂದೇ ರೇಖೆಯಲ್ಲಿ ಸೇರಿರಬೇಕು. ಆದುದರಿಂದ ವಿಧಗಳ ಸಂಖ್ಯೆ ಬಹಳ ಕಡಿಮೆ. ನಷ್ಟ ಅಪಾರ, ಲಾಭ ಅಲ್ಪ. ಉಷ್ಣಗತಿವಿಜ್ಞಾನದ ತಕ್ಕಡಿ ಸ್ಥಾನಪಲ್ಲಟಗಳನ್ನು ಎಂದೂ ಬೇಡುವುದಿಲ್ಲ. ಅವು ಇರುವುದು ವಸ್ತುವಿನ ಚರಿತ್ರೆಯಿಂದ: ಬೆಳೆದ ಬಗೆಯಿಂದ, ಬಿದ್ದ ಪೆಟ್ಟುಗಳಿಂದ. ಆದುದರಿಂದಲೇ ಅವನ್ನು ಪೂರ್ತಿಯಾಗಿ ನಿವಾರಿಸಲು ಸಾಧ್ಯ. ಕಂಪ್ಯೂಟರ್ ಚಿಪ್ಪುಗಳಿಗಾಗಿ 300 ಮಿಲಿಮೀಟರ್ ವ್ಯಾಸದ ಸಿಲಿಕಾನ್ ಸ್ಫಟಿಕಗಳನ್ನು ಒಂದೂ ಸ್ಥಾನಪಲ್ಲಟವಿಲ್ಲದಂತೆ ಬೆಳೆಸುತ್ತಾರೆ. ಆದರೆ ಅದೇ ಸಿಲಿಕಾನಿನಿಂದ ಬಿಂದು ದೋಷಗಳನ್ನು ಪೂರ್ತಿಯಾಗಿ ಹೊರಹಾಕಲು ಯಾರಿಗೂ ಸಾಧ್ಯವಾಗಿಲ್ಲ, ಆಗುವುದೂ ಇಲ್ಲ.

ಕಾಯಿಸಿದಾಗ ಆಗುವುದೇನು?

ಬಡಿದು ಗಟ್ಟಿಯಾದ ಚಿನ್ನದ ತೊಡಕು ಬಿಡಿಸಿಕೊಳ್ಳಬೇಕಾದರೆ ಪರಮಾಣುಗಳು ಸ್ಥಾನ ಬದಲಿಸಬೇಕು. ಸುತ್ತ ಹನ್ನೆರಡು ನೆರೆಯವರು ಒತ್ತಿ ನಿಂತಿರುವಾಗ ಪರಮಾಣು ಅಲುಗುವುದೆಲ್ಲಿಗೆ? ಎರಡು ಪರಮಾಣುಗಳು ನೇರವಾಗಿ ಸ್ಥಾನ ವಿನಿಮಯ ಮಾಡಿಕೊಳ್ಳುತ್ತವೆ ಎಂದು ಬಹುಕಾಲ ನಂಬಿದ್ದರು. 1947ರಲ್ಲಿ ಅಮೆರಿಕದ ಸ್ಮಿಗೆಲ್ಸ್ಕಾಸ್ ಮತ್ತು ಕಿರ್ಕೆಂಡಾಲ್ ಹಿತ್ತಾಳೆಯ ತುಂಡಿನ ಮೇಲೆ ತಾಮ್ರವನ್ನು ಲೇಪಿಸಿ, ಎರಡರ ನಡುವೆ ಗುರುತಿಗಾಗಿ ಮಾಲಿಬ್ಡಿನಂ ತಂತಿಗಳನ್ನಿಟ್ಟು ದಿನಗಟ್ಟಲೆ ಕಾಯಿಸಿದರು. ತಂತಿಗಳು ಒಂದರ ಕಡೆಗೊಂದು ಸರಿದಿದ್ದವು. ಹಿತ್ತಾಳೆಯ ಸತುವು ಹೊರಕ್ಕೆ ಹೋದಷ್ಟು ವೇಗವಾಗಿ ತಾಮ್ರ ಒಳಕ್ಕೆ ಬಂದಿರಲಿಲ್ಲ. ನೇರ ವಿನಿಮಯವಾಗಿದ್ದರೆ ಎರಡೂ ಸಮವಾಗಿರಬೇಕಿತ್ತು. ಮೊದಲು ಅನೇಕರು ಇದನ್ನು ನಂಬಲಿಲ್ಲ. ಕೊನೆಗೆ ಒಪ್ಪಲೇಬೇಕಾಯಿತು: ಪರಮಾಣುಗಳು ಚಲಿಸುವುದು ಪಕ್ಕದ ತೆರವಿಗೆ ಜಿಗಿಯುವುದರ ಮೂಲಕ. ತುಂಬಿದ ಬೆಂಚಿನಲ್ಲಿ ಒಂದು ಸ್ಥಾನ ಖಾಲಿಯಾದರೆ ಎಲ್ಲರೂ ಒಬ್ಬೊಬ್ಬರಾಗಿ ಸರಿದು ಕುಳಿತುಕೊಳ್ಳಬಹುದು. ಒಂದೂ ಖಾಲಿ ಇಲ್ಲದಿದ್ದರೆ ಯಾರೂ ಸರಿಯಲಾರರು.

ತಣ್ಣನೆಯ ಚಿನ್ನದಲ್ಲಿ ಖಾಲಿ ಸ್ಥಾನಗಳು ತೀರ ವಿರಳ. ಆದುದರಿಂದ ಸುತ್ತಿಗೆಯ ಪೆಟ್ಟಿನ ತೊಡಕು ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಕುಲುಮೆಯ ಕೆಂಡದಲ್ಲಿಯೋ ಊದುಗೊಳವೆಯ ಜ್ವಾಲೆಯಲ್ಲಿಯೋ ಅದನ್ನು ಕೆಂಪಗೆ ಕಾಯಿಸಿದರೆ ತೆರವುಗಳು ಸಾವಿರಾರು ಕೋಟಿ ಪಟ್ಟು ಹೆಚ್ಚುತ್ತವೆ, ಜಿಗಿತದ ವೇಗವೂ ಹೆಚ್ಚುತ್ತದೆ. ತೆರವುಗಳು ಅರ್ಧಕ್ಕೆ ನಿಂತ ಹಾಳೆಗಳ ಅಂಚಿಗೆ ಬಂದು ಸೇರುತ್ತವೆ. ಅಂಚಿನ ಪರಮಾಣುಗಳು ಆ ತೆರವುಗಳನ್ನು ತುಂಬುತ್ತಾ ಹೋದಂತೆ ಹಾಳೆ ಸವೆಯುತ್ತದೆ, ರೇಖೆ ತನ್ನ ಪದರವನ್ನು ಬಿಟ್ಟು ಮೇಲೇರುತ್ತದೆ. ಹೀಗೆ ಬಿಡುಗಡೆಗೊಂಡ ರೇಖೆಗಳಲ್ಲಿ ಪರಸ್ಪರ ವಿರುದ್ಧವಾದವು ಸಂಧಿಸಿ ಎರಡೂ ಇಲ್ಲವಾಗುತ್ತವೆ. ಅದರೊಂದಿಗೆ ತೊಡಕಿಲ್ಲದ ಹೊಸ ಹರಳುಗಳು ಹುಟ್ಟಿ, ಹಳೆಯ ತೊಡಕಿನ ಭಾಗವನ್ನು ಆಕ್ರಮಿಸುತ್ತಾ ಬೆಳೆಯುತ್ತವೆ. ಉಳಿದ ಕೆಲವೇ ಮಡಿಕೆಗಳಿಗೆ ಈಗ ದಾರಿ ತೆರೆದಿದೆ. ಚಿನ್ನ ಮತ್ತೆ ಮೆದುವಾಗಿದೆ. ನಾನು ಕೊಟ್ಟ ಸಂಖ್ಯೆಗಳು ಶುದ್ಧ ಚಿನ್ನಕ್ಕೆ ಸಂಬಂಧಿಸಿದವು. ತಾಮ್ರ, ಬೆಳ್ಳಿ ಸೇರಿದ ಆಭರಣದ ಚಿನ್ನದಲ್ಲಿ ಅವು ಬದಲಾಗುತ್ತವೆ, ಆದರೆ ನಡೆಯುವ ಕ್ರಿಯೆ ಇದೇ.

ಒಟ್ಟಿನಲ್ಲಿ, ನಿಯಮ ಬೇಡುವ ದೋಷವೇ ಪೆಟ್ಟಿನಿಂದ ಬಂದ ದೋಷವನ್ನು ವಾಸಿಮಾಡುತ್ತದೆ. ನಾನು ಕರಿಹಲಗೆಯ ಮೇಲೆ ಬರೆದಂತಹ, ಒಂದೂ ತೆರವಿಲ್ಲದ ಸ್ಫಟಿಕ ನಿಜವಾಗಿಯೂ ಇದ್ದಿದ್ದರೆ, ಅಕ್ಕಸಾಲಿಗರು ಒಮ್ಮೆ ಬಡಿದು ಗಟ್ಟಿಯಾಗಿಸಿದ ಚಿನ್ನವನ್ನು ಕಾಯಿಸಿ ಮೆದುಗೊಳಿಸುವುದು ಬಹಳ ದುಸ್ತರವಾಗುತ್ತಿತ್ತು. ಪುಸ್ತಕಗಳು ಇದನ್ನು ಹೇಳುವುದಕ್ಕೆ ಎಷ್ಟೋ ಶತಮಾನಗಳ ಮೊದಲೇ ಕುಲುಮೆಯ ಮುಂದೆ ಕುಳಿತವರ ಕೈಗಳಿಗೆ ಇದು ತಿಳಿದಿತ್ತು.

ಕೊನೆಯದಾಗಿ

ಈಗಿನ ಅಧ್ಯಾಪಕರಿಗೆ ಒಂದು ಸಲಹೆ. ಎರಡು ಗಾಜಿನ ಹಾಳೆಗಳ ನಡುವೆ ಒಂದೇ ಪದರ ನಿಲ್ಲುವಂತೆ ಸೈಕಲ್ ಬೇರಿಂಗಿನ ಸಣ್ಣ ಗುಂಡುಗಳನ್ನು ತುಂಬಿ, ಸುತ್ತ ಅಂಚು ಕಟ್ಟಿ, ಓರೆಯಾಗಿ ಹಿಡಿದು ಅಲುಗಿಸಿ. ಗುಂಡುಗಳು ಸಾಲುಗೂಡುವುದೂ, ಅಲ್ಲಲ್ಲಿ ತೆರವುಗಳು ಉಳಿಯುವುದೂ, ಅರ್ಧ ಸಾಲುಗಳು ಜಾರುವುದೂ ಮಕ್ಕಳಿಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತವೆ. 1947ರಲ್ಲಿ ಬ್ರ್ಯಾಗ್ ಮತ್ತು ನೈ ಎಂಬ ವಿಜ್ಞಾನಿಗಳು ಸಾಬೂನಿನ ಗುಳ್ಳೆಗಳಿಂದ ಇದನ್ನೇ ತೋರಿಸಿದ್ದರು. ಖರ್ಚು ಅಲ್ಪ, ನೂರು ಮಾತುಗಳಿಗಿಂತ ಪ್ರಯೋಜನ ಹೆಚ್ಚು.

ಎರಡನೆಯ ಸಲಹೆಗೆ ಯಾವ ಉಪಕರಣವೂ ಬೇಡ. ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದರೆ, "ನನಗೆ ಗೊತ್ತಿಲ್ಲ, ತಿಳಿದು ಹೇಳುತ್ತೇನೆ" ಎನ್ನಿ. ಆ ಒಂದು ವಾಕ್ಯ ಆ ದಿನ ನನ್ನ ಬಾಯಿಂದ ಬರಲಿಲ್ಲ. ಪುಸ್ತಕ ಓದಿ ಉತ್ತರ ತಿಳಿಯುವಷ್ಟರಲ್ಲಿ ಆ ಹುಡುಗ ಶಾಲೆ ಬಿಟ್ಟು ವರ್ಷಗಳಾಗಿದ್ದವು. ಊರನ್ನೂ ಬಿಟ್ಟಿದ್ದನೆಂದು ಕೇಳಿದೆ. ಮುಂದಿನ ಮಕ್ಕಳಿಗೆ ನಾನು ಉಪ್ಪಿನ ಚಿತ್ರ ಬರೆಯುವಾಗ ಒಂದು ಚುಕ್ಕೆಯನ್ನು ಬೇಕೆಂದೇ ಬಿಟ್ಟು ಬರೆದು, ಅದು ಏಕೆಂದು ಕೇಳುವವರಿಗಾಗಿ ಕಾಯುತ್ತಿದ್ದೆ. ಯಾರಾದರೊಬ್ಬರು ಕೇಳುತ್ತಿದ್ದರು.

ಈ ಸಂಚಿಕೆ ಹಳೆಯ ವಿದ್ಯಾರ್ಥಿಗಳ ಮನೆಮನೆಗೆ ತಲಪುವುದೆಂದು ಸಮಿತಿಯವರು ಹೇಳಿದ್ದಾರೆ. ಅವನ ಮನೆಗೂ ತಲಪಿದರೆ, ನಿಂತು ಕೇಳಿದ ಪ್ರಶ್ನೆಗೆ ಉತ್ತರ ಇದು. ಪ್ರಶ್ನೆ ಸರಿಯಾಗಿತ್ತು, ತಪ್ಪಿದ್ದುದು ನನ್ನ ಚಿತ್ರದಲ್ಲಿ.

ನಮ್ಮ ಶಾಲೆ ಶತಮಾನೋತ್ಸವವನ್ನು ಕಾಣಲಿ, ಅದರ ಬೆಂಚುಗಳಿಂದ ಇಂತಹ ಪ್ರಶ್ನೆಗಳು ಏಳುತ್ತಲೇ ಇರಲಿ ಎಂದು ಹಾರೈಸುತ್ತೇನೆ.